ಮೇಕ್‌ಫೈಲ್: ಶಿಷ್ಟರೂಪ ಮತ್ತು ಪ್ರಾಂತರೂಪಗಳ ಪ್ರಶ್ನೆ

ಗಣಕಯಂತ್ರದ ತಂತ್ರಾಂಶವು ಸಾಮಾನ್ಯವಾಗಿ ಅನೇಕ ಆಕರ ಕಡತಗಳಲ್ಲಿ ಹಂಚಿಹೋಗಿರುತ್ತದೆ. ಯಾವ ಕಡತ ಯಾವುದನ್ನು ಅವಲಂಬಿಸಿದೆ, ಒಂದು ಬದಲಾದಾಗ ಯಾವುದನ್ನು ಮತ್ತೆ ಸಿದ್ಧಪಡಿಸಬೇಕು ಎಂಬ ನಿಯಮಗಳನ್ನು ದಾಖಲಿಸುವ ಪಠ್ಯವೇ ಮೇಕ್‌ಫೈಲ್. ಅದನ್ನು ಓದಿ ಕಾರ್ಯಗತಗೊಳಿಸುವ 'ಮೇಕ್' ಸಾಧನವನ್ನು 1976ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ರಚಿಸಿದರು. ಯುನಿಕ್ಸ್ ಕವಲೊಡೆದಂತೆ ಮೇಕ್ ಕೂಡ ಕವಲೊಡೆಯಿತು. ಗ್ನೂ, ಬಿಎಸ್‌ಡಿ ಮೊದಲಾದ ಪರಂಪರೆಗಳು ತಮ್ಮ ತಮ್ಮ ವಿಸ್ತರಣೆಗಳನ್ನು ಸೇರಿಸಿಕೊಂಡವು. ಹೀಗಾಗಿ ಒಂದು ವ್ಯವಸ್ಥೆಯಲ್ಲಿ ಸರಾಗವಾಗಿ ನಡೆಯುವ ಮೇಕ್‌ಫೈಲ್ ಇನ್ನೊಂದರಲ್ಲಿ ನಿಂತುಹೋಗುವುದುಂಟು. ಈ ತೊಡಕು ಯಂತ್ರದ್ದೆನ್ನುವುದಕ್ಕಿಂತ ಭಾಷೆಯದು ಎನ್ನುವುದೇ ಸೂಕ್ತ.

ಪೊಸಿಕ್ಸ್ ಮಾನಕವು 1992ರಲ್ಲಿ ಮೇಕ್‌ನ ಶಿಷ್ಟರೂಪವೊಂದನ್ನು ನಿರೂಪಿಸಿತು. ಆದರೆ ಲೇಖಕನಿಗೆ ತನ್ನ ಬಳಕೆ ಪ್ರಾಂತೀಯವೆಂಬ ಅರಿವೇ ಇಲ್ಲದಿರುವುದು ನಿಜವಾದ ಸಮಸ್ಯೆ. ಡಾಲರ್ ಚಿಹ್ನೆಯ ಮುಂದೆ ಎಡಮುಖದ ಕೋನವಿರುವ ಸಂಕೇತವನ್ನು ಉದಾಹರಣೆಯಾಗಿ ನೋಡಬಹುದು. ಗ್ನೂ ಮೇಕ್‌ನಲ್ಲಿ ಅದು ಯಾವ ನಿಯಮದಲ್ಲಿ ಬಂದರೂ ಮೊದಲನೆಯ ಅವಲಂಬಿತ ಕಡತದ ಹೆಸರನ್ನು ಕೊಡುತ್ತದೆ. ಪೊಸಿಕ್ಸ್ ಅದಕ್ಕೆ ಅರ್ಥ ಕೊಟ್ಟಿರುವುದು ಮುಖ್ಯವಾಗಿ ಅನುಮಾನ ನಿಯಮಗಳಲ್ಲಿ, ಅಂದರೆ ಕಡತದ ಹೆಸರಿನ ಅಂತ್ಯವನ್ನು ನೋಡಿ ಅನ್ವಯವಾಗುವ ಸಾಮಾನ್ಯ ನಿಯಮಗಳಲ್ಲಿ. ನಿರ್ದಿಷ್ಟ ನಿಯಮದಲ್ಲಿ ಬಳಸಿದಾಗ ಬಿಎಸ್‌ಡಿ ಪರಂಪರೆಯ ಮೇಕ್‌ಗಳಲ್ಲಿ ಆ ಸ್ಥಾನ ಬರಿದಾಗಿ ಉಳಿಯಬಹುದು. ಆಗ ಕಂಪೈಲರ್‌ಗೆ ಕಡತದ ಹೆಸರೇ ತಲುಪುವುದಿಲ್ಲ. ದೇಸಿಯ ಬಹುತ್ವದ ಮುಂದೆ ಕವಿರಾಜಮಾರ್ಗಕಾರನು ಕಂಡ ಕಷ್ಟ ಕನ್ನಡ ವಿದ್ವಾಂಸರಿಗೆ ಪರಿಚಿತವೇ. ಆದರೆ ಕಾವ್ಯದ ಓದುಗನು ಸಂದರ್ಭದಿಂದ ಅರ್ಥವನ್ನು ಊಹಿಸಬಲ್ಲ. ಯಂತ್ರಕ್ಕೆ ಆ ಔದಾರ್ಯವಿಲ್ಲ.

ನಿಯಮದ ಕೆಳಗಿನ ಆದೇಶಸಾಲುಗಳಲ್ಲಿಯೂ ಇದೇ ಬಗೆಯ ತೊಡಕಿದೆ. ಅವು ಶೆಲ್‌ನ ಭಾಷೆಯಲ್ಲಿರುತ್ತವೆ. ಬ್ಯಾಶ್ ಶೆಲ್‌ಗೆ ಒಗ್ಗಿದವರು ಬರೆಯುವ ಜೋಡಿ ಚೌಕಾವರಣದ ಪರೀಕ್ಷೆಯನ್ನು ಡೆಬಿಯನ್‌ನ ಸಾಮಾನ್ಯ ಶೆಲ್ ಆದ ಡ್ಯಾಶ್ ಒಪ್ಪುವುದಿಲ್ಲ.

ಆದೇಶಸಾಲು ಟ್ಯಾಬ್‌ನಿಂದಲೇ ಆರಂಭವಾಗಬೇಕೆಂಬ ನಿಯಮದ ಚರಿತ್ರೆ ಇನ್ನೂ ಕುತೂಹಲಕರವಾದುದು. ಕಣ್ಣಿಗೆ ಟ್ಯಾಬ್ ಮತ್ತು ಖಾಲಿ ಸ್ಥಳಗಳು ಒಂದೇ. ಪ್ರತಿ ಮಾಡುವಾಗ ಒಂದು ಇನ್ನೊಂದಾದರೆ ಪಠ್ಯ ಕೆಡುತ್ತದೆ. ಫೆಲ್ಡ್‌ಮನ್ ಅದನ್ನು ಬದಲಿಸಲಿಲ್ಲ. ಅಷ್ಟರಲ್ಲಿ ಸುಮಾರು ಹನ್ನೆರಡು ಮಂದಿ ಬಳಕೆದಾರರಿದ್ದರು, ಅವರಿಗೆ ತೊಂದರೆಯಾಗಬಾರದೆಂಬುದು ಅವರ ಕಾರಣ. ಹನ್ನೆರಡು ಮಂದಿಯ ಮೇಲಿನ ದಾಕ್ಷಿಣ್ಯ ಇಂದಿಗೂ ಮಾನಕದಲ್ಲಿ ಉಳಿದಿದೆ.

ಮಾನಕವೂ ಪ್ರಾಂತರೂಪಗಳಿಂದ ಪಡೆದುಕೊಳ್ಳುತ್ತದೆ. 2024ರ ಪರಿಷ್ಕರಣೆಯು ಬಹುಕಾಲದಿಂದ ರೂಢಿಯಲ್ಲಿದ್ದ ಹಲವು ವಿಸ್ತರಣೆಗಳನ್ನು ಅಂಗೀಕರಿಸಿತು. ಆದರೂ ಹಳೆಯ ವ್ಯವಸ್ಥೆಗಳನ್ನು ಉದ್ದೇಶಿಸಿ ಬರೆಯುವವರು ಅವುಗಳನ್ನು ನೆಚ್ಚುವಂತಿಲ್ಲ. ಮೊದಲ ಸಾಲಿನಲ್ಲಿ ಪೊಸಿಕ್ಸ್ ಘೋಷಣೆ, ಅಂತ್ಯಸೂಚಿ ನಿಯಮಗಳು, ಕಂಪೈಲರ್‌ನ ಹೆಸರಿಗೆ ಹೊರಗಿನಿಂದ ಬದಲಿಸಬಹುದಾದ ಒಂದು ಮ್ಯಾಕ್ರೊ: ಸಣ್ಣ ತಂತ್ರಾಂಶಕ್ಕೆ ಬಹುಮಟ್ಟಿಗೆ ಇಷ್ಟು ಸಾಕು. ಗ್ನೂ ವಿಸ್ತರಣೆಗಳು ಅನಿವಾರ್ಯವಾದಲ್ಲಿ ಅವುಗಳನ್ನು ಮರೆಮಾಚದೆ ಕಡತಕ್ಕೆ 'ಗ್ನೂಮೇಕ್‌ಫೈಲ್' ಎಂದೇ ಹೆಸರಿಡುವುದು ಲೇಸು. ಗ್ನೂ ಮೇಕ್ ಆ ಹೆಸರನ್ನೇ ಮೊದಲು ಹುಡುಕುತ್ತದೆ, ಉಳಿದ ಮೇಕ್‌ಗಳು ತಾವಾಗಿ ಅದನ್ನು ತೆರೆಯಲು ಹೋಗುವುದಿಲ್ಲ.