ಆಶ್ರಮದ ಗಂಟೆ ಕಲಿಸಿದ ಬಿಡುವು

ಗಾಂಧೀಜಿ ಕಟ್ಟಿದ ಅಹಮದಾಬಾದಿನ ಸಬರಮತಿ ಆಶ್ರಮದಲ್ಲಿ ಬೆಳಗಿನ ಜಾವ 4ಕ್ಕೇ ಏಳುವ ಗಂಟೆ ಹೊಡೆಯುತ್ತಿತ್ತು. ಕೇಳಿದರೇ ಮೈ ನಡುಗುತ್ತದೆ, ನಿಜ. ಆದರೆ 1928ರ ಆಶ್ರಮ ನಿಯಮಾವಳಿಯ ವೇಳಾಪಟ್ಟಿಯನ್ನು ಕೆಳಗಿನವರೆಗೂ ಓದಬೇಕು. ಹಗಲಿನ ಊಟದ ನಂತರ 12ರವರೆಗೆ ವಿಶ್ರಾಂತಿ; ದುಡಿಮೆ ಸಂಜೆ 4.30ಕ್ಕೆ ಮುಗಿದರೆ ಮಲಗುವ 9ರೊಳಗೆ ಮೂರು ಸಲ ವಿನೋದದ ಹೊತ್ತು. ಕೊನೆಯಲ್ಲೊಂದು ಷರಾ: ಅಗತ್ಯಬಿದ್ದಾಗ ಈ ವೇಳೆ ಬದಲಾಗಬಹುದು!

ಗಡಿಯಾರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಗಾಂಧೀಜಿಯೇ ಇಷ್ಟು ಸಡಿಲ ಬಿಟ್ಟಿದ್ದರು.

1930ರ ದಂಡಿ ಯಾತ್ರೆಯಲ್ಲೂ ಅಷ್ಟೇ. ಮಾರ್ಚ್ 12ರಂದು ಆಶ್ರಮದಿಂದ ಹೊರಟ ತಂಡದಲ್ಲಿ ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರೂ ಇದ್ದರು. ಸೂರತ್ ಹಾದು ದಂಡಿಯವರೆಗೆ ಸುಮಾರು 385 ಕಿಲೋಮೀಟರ್, 24 ದಿನ. ಬ್ರಿಟಿಷ್ ಸಾಮ್ರಾಜ್ಯಕ್ಕೇ ಸವಾಲು ಹಾಕಲು ಹೊರಟವರು ಸೋಮವಾರ ಮಾತ್ರ ನಡೆಯುತ್ತಿರಲಿಲ್ಲ. ಅದು ಗಾಂಧೀಜಿಯ ಮೌನದ ದಿನ, ಉಳಿದವರ ಕಾಲಿಗೆ ಬಿಡುವು.

ನಮ್ಮ ದಿನಚರಿಗೂ ಬೇಕಾದ ಪಾಠ ಇದು. ವಡೋದರದ ಕಚೇರಿಯಲ್ಲಿರಲಿ, ಸೂರತ್ತಿನ ಜವಳಿ ಅಂಗಡಿಯಲ್ಲಿರಲಿ, ದಿನಚರಿ ಬರೆಯುವವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ: ಕೆಲಸಗಳನ್ನಷ್ಟೇ ಗೀಚಿ, ಉಳಿದ ಹೊತ್ತಿನಲ್ಲಿ ವಿಶ್ರಾಂತಿ ಎಂದುಕೊಳ್ಳುವುದು. ಉಳಿಯುವುದೇ ಇಲ್ಲ. ಒಂದು ಕೆಲಸ ಅರ್ಧ ಗಂಟೆ ಜಾಸ್ತಿ ಎಳೆದರೆ ಪಟ್ಟಿಯೆಲ್ಲ ಕುಸಿದು, ಪಟ್ಟಿಯೇ ತಲೆನೋವಾಗುತ್ತದೆ. ಹಾಗಾಗಿ ಊಟ, ನಿದ್ದೆ, ಹರಟೆಗಳನ್ನು ಮೊದಲು ಬರೆಯಿರಿ. ಆಮೇಲೆ ಆ ದಿನ ಬಿಡಲಾಗದ ಎರಡು ಮೂರು ಕೆಲಸ. ನಡುವೆ ಒಂದು ಗಂಟೆ ಖಾಲಿ ಇರಲಿ; ಹೇಳದೆ ಬರುವ ನೆಂಟರು, ತಡವಾಗುವ ಬಸ್ಸು ಅದರಲ್ಲಿ ಹಿಡಿಸುತ್ತವೆ. 4ಕ್ಕೆ ಏಳಲೇಬೇಕೆಂದೇನೂ ಇಲ್ಲ.