ಸರಾಸರಿ ಹಾಕುವ ಮುಂಚೆ ಒಂದು ಕಾಂಡ-ಎಲೆ ನಕ್ಷೆ

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವರ ಮೇಜಿನ ಮೇಲೆ ಅಂಕಿಗಳಿಗೆ ಬರವಿಲ್ಲ. ಕಿರುಪರೀಕ್ಷೆಯ ಅಂಕ, ಹಾಜರಿ, ಆರೋಗ್ಯ ತಪಾಸಣೆಯ ಎತ್ತರ-ತೂಕ, ಒಂದಲ್ಲ ಒಂದು ಪಟ್ಟಿ ಇದ್ದೇ ಇರುತ್ತದೆ. ಮೇಲಿನವರು ಕೇಳುವುದು ಮಾತ್ರ ಸರಾಸರಿಯೊಂದನ್ನೇ. ಅದನ್ನು ಹಾಕುವ ಮುಂಚೆ ನಾನು ಕಾಂಡ-ಎಲೆ ನಕ್ಷೆ ಬರೆದುಕೊಳ್ಳುತ್ತೇನೆ. ಹತ್ತರ ಸ್ಥಾನದ ಅಂಕಿ ಕಾಂಡ, ಬಿಡಿ ಸ್ಥಾನದ್ದು ಎಲೆ. 25, 27, 22 ಇದ್ದರೆ 2 ಬರೆದು, ಪಕ್ಕದಲ್ಲಿ ಗೆರೆ ಎಳೆದು, 5 7 2 ಎಂದು ಸಾಲಾಗಿ ಬರೆದರಾಯಿತು. ಹೀಗೆ ಬರೆಯುತ್ತಾ ಬರೆಯುತ್ತಾ ತಿಳಿದುಕೊಂಡದ್ದು ಇಷ್ಟು.

1. ಮೊದಲು ಬಂದ ಹಾಗೆ ಬರೆಯಿರಿ, ಆಮೇಲೆ ಜೋಡಿಸಿ.
ಕಟ್ಟಿನಿಂದ ಒಂದೊಂದೇ ಉತ್ತರಪತ್ರಿಕೆ ತೆಗೆದು ಎಲೆ ಹಾಕುತ್ತಾ ಹೋಗಿ. ಎರಡನೆಯ ಸಲ ಎಲೆಗಳನ್ನು ಏರಿಕೆ ಕ್ರಮದಲ್ಲಿ ಬರೆಯಿರಿ. ಎರಡನ್ನೂ ಒಟ್ಟಿಗೆ ಮಾಡಹೊರಟರೆ ಒಂದಾದರೂ ಅಂಕ ಬಿಟ್ಟುಹೋಗುತ್ತದೆ. ಚೌಕಳಿ ಹಾಳೆಯಲ್ಲಿ ಚೌಕಕ್ಕೊಂದು ಎಲೆ ಎಂಬ ಶಿಸ್ತೂ ಬೇಕು. ಕೈಬರಹದಲ್ಲಿ 1 ಸಣ್ಣಗಾಗುತ್ತದೆ, 8 ಹರಡಿಕೊಳ್ಳುತ್ತದೆ. ನಾವು ನೋಡುವುದು ಸಾಲಿನ ಉದ್ದವನ್ನಾದ್ದರಿಂದ ಅದು ಕಣ್ಣಿಗೆ ಮೋಸ ಮಾಡುತ್ತದೆ. ಜೋಡಿಸಿದ ಮೇಲೆ ಮಧ್ಯಾಂಕಕ್ಕೆ ಸೂತ್ರ ಬೇಡ. 15 ಅಂಕಗಳಿದ್ದರೆ ಯಾವ ತುದಿಯಿಂದ ಎಣಿಸಿದರೂ ಎಂಟನೆಯದೇ ಮಧ್ಯಾಂಕ.

2. ಸೂಚಿ ಬರೆಯದ ನಕ್ಷೆ ಒಗಟು.
10 | 8 ಎಂದರೆ 108 ಸೆಂ.ಮೀ. ಎತ್ತರವೋ, 10.8 ಗ್ರಾಂ ಹಿಮೋಗ್ಲೋಬಿನ್ನೋ? ಕೆಳಗೆ ಒಂದು ಸಾಲು ಬರೆದುಬಿಡಿ.

3. ಖಾಲಿ ಕಾಂಡವನ್ನು ಬಿಡಬೇಡಿ.
ಎಲೆಯೇ ಇಲ್ಲದ ಸಾಲು ಯಾಕೆ ಬೇಕು ಎಂದು ಮಕ್ಕಳು ಹಾರಿಸಿಬಿಡುತ್ತಾರೆ. ಅದಕ್ಕೆ ನಾನು ಕನ್ನಡ ಮೇಷ್ಟ್ರ ಸರಕನ್ನೇ ಎರವಲು ತರುತ್ತೇನೆ. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳು ಯಾವ ಯಾವ ವರ್ಷದವು?

196 | 7
197 | 3 7
198 | 3
199 | 0 4 8
200 |
201 | 0

ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ್, ಅನಂತಮೂರ್ತಿ, ಕಾರ್ನಾಡ, ಕಂಬಾರ ಎಂದು ಎಲೆ ಎಲೆಗೂ ಹೆಸರು ಹೇಳಿಸಬಹುದು. 200ರ ಸಾಲು ತೆಗೆದುಬಿಟ್ಟರೆ ಕಾರ್ನಾಡರ ಬೆನ್ನಿಗೇ ಕಂಬಾರರು ಬಂದಂತೆ ಕಾಣುತ್ತದೆ. ನಡುವೆ 12 ವರ್ಷ ಕಳೆದಿದೆ.

4. ಎರಡು ವಿಭಾಗಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ.
ಈ ನಕ್ಷೆಯ ನಿಜವಾದ ಬೆಲೆ ಗೊತ್ತಾಗುವುದು ಹೋಲಿಸುವಾಗ. ಹೀಗೊಂದು ಜೋಡಿ ನೋಡಿ. 50 ಅಂಕದ ಪರೀಕ್ಷೆ, ತಲಾ 15 ಮಕ್ಕಳು. ಎಡಕ್ಕೆ ಎ ವಿಭಾಗ, ಬಲಕ್ಕೆ ಬಿ ವಿಭಾಗ, ನಡುವೆ ಇಬ್ಬರಿಗೂ ಒಂದೇ ಕಾಂಡ:

            | 0 | 7 9
          8 | 1 | 1 2 4 6
9 8 7 6 5 2 | 2 | 1
6 4 3 2 1 0 | 3 | 8
        3 1 | 4 | 3 5 6 7 8 9 9

ಕೂಡಿ ನೋಡಿ: ಎರಡೂ ಕಡೆ ಮೊತ್ತ 455, ಸರಾಸರಿ 30ಕ್ಕಿಂತ ಚೂರು ಹೆಚ್ಚು. ಸರಾಸರಿಯ ಲೆಕ್ಕದಲ್ಲಿ ಎರಡೂ ಸಮ. ಮಧ್ಯಾಂಕ ಕೇಳಿದರೆ ಎ ವಿಭಾಗದ್ದು 30, ಬಿ ವಿಭಾಗದ್ದು 38. ಬಿ ವಿಭಾಗವೇ ಮುಂದೆ ಎಂದು ಬೀಗಬಹುದು. ನಕ್ಷೆ ಹೇಳುವುದೇ ಬೇರೆ. ಸರಾಸರಿ 30 ಎನ್ನಿಸಿಕೊಂಡ ಬಿ ವಿಭಾಗದಲ್ಲಿ 30ರ ಆಸುಪಾಸಿನ ಒಂದು ಮಗುವೂ ಇಲ್ಲ. 21 ಬಿಟ್ಟರೆ ಮುಂದಿನದು 38. ಅದು ಒಂದು ತರಗತಿಯಲ್ಲ, ಒಂದೇ ಕೋಣೆಯಲ್ಲಿ ಕೂತ ಎರಡು ತರಗತಿ.

ಎ ವಿಭಾಗಕ್ಕೆ ಎಲ್ಲರನ್ನೂ ಸೇರಿಸಿ ಒಂದು ಪುನರಾವರ್ತನೆ ಮಾಡಿದರೆ ನಡೆಯುತ್ತದೆ. ಬಿ ವಿಭಾಗದಲ್ಲಿ ಹಾಗೆ ಮಾಡಿದರೆ 40 ದಾಟಿದವರು ಆಕಳಿಸುತ್ತಾರೆ, ಕೆಳಗಿನವರಿಗೆ ಏನೂ ತಲುಪುವುದಿಲ್ಲ. 20ರ ಒಳಗಿನ ಆರೂ ಉತ್ತರಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡುವುದೇ ದಾರಿ. ಇಂಥ ಗುಂಪಿನಲ್ಲಿ ಸಾಮಾನ್ಯವಾಗಿ ಒಂದೇ ಕಾಯಿಲೆ ಸಿಗುತ್ತದೆ. −3 − 5 ಎಂದರೆ 8 ಎಂದು ಬರೆದಿರುತ್ತಾರೆ. 'ಮೈನಸ್ಸು ಮೈನಸ್ಸು ಪ್ಲಸ್ಸು' ಎಂಬ ಬಾಯಿಪಾಠ ಗುಣಾಕಾರದಿಂದ ಜಾರಿ ಸಂಕಲನಕ್ಕೆ ಬಂದುಬಿಟ್ಟಿರುತ್ತದೆ. ಹತ್ತನೇ ತರಗತಿಯ ಪಾಠವನ್ನು ಎಷ್ಟು ಸಲ ಹೇಳಿದರೂ ಇದು ಸರಿಹೋಗುವುದಿಲ್ಲ.

ಒಂದು ಎಚ್ಚರಿಕೆ: ಒಂದು ಕಡೆ 15, ಇನ್ನೊಂದು ಕಡೆ 40 ಮಕ್ಕಳಿದ್ದರೆ ಸಾಲಿನ ಉದ್ದ ಹೋಲಿಸಬೇಡಿ, ಆಕಾರ ಮಾತ್ರ ನೋಡಿ.

5. ಎಲೆಗಳು ಅಳೆದವರ ಗುಟ್ಟನ್ನೂ ಹೇಳುತ್ತವೆ.
ಎತ್ತರದ ಪಟ್ಟಿಯಲ್ಲಿ 14 | 0 0 0 5 5 5 5, 15 | 0 0 5 ಎಂದು ಬಂದರೆ ಮಕ್ಕಳು ಐದೈದು ಸೆಂಟಿಮೀಟರ್ ಬೆಳೆಯುತ್ತಾರೆಂದು ನಂಬಬೇಡಿ. ಅಳೆದವರು ಟೇಪನ್ನು ದೂರದಿಂದ ನೋಡಿದ್ದಾರೆ. ಪಾದರಸದ ಬಿಪಿ ಉಪಕರಣದಲ್ಲಿ ಎರಡೆರಡು ಮಿ.ಮೀ.ಗೆ ಒಂದು ಗೆರೆ ಇರುತ್ತದೆ. ಅಂದಮೇಲೆ ಎಲೆಗಳಲ್ಲಿ 2, 4, 6, 8 ಕೂಡ ಕಾಣಬೇಕು. ಬರೀ ಸೊನ್ನೆಗಳೇ ಇದ್ದರೆ ಅದೂ ಅಂದಾಜಿನ ಕೆಲಸವೇ. ಅಂಕಪಟ್ಟಿಯೂ ಇದಕ್ಕೆ ಹೊರತಲ್ಲ. 35ಕ್ಕೆ ಪಾಸು ಎನ್ನುವ ಕಡೆ, 3ರ ಕಾಂಡದಲ್ಲಿ 3, 4 ಒಂದೂ ಇಲ್ಲದೆ 5ರ ದಂಡೇ ಇದ್ದರೆ ಅದು ಮಕ್ಕಳ ಪ್ರತಿಭೆಯಲ್ಲ, ನಮ್ಮ ಕರುಣೆ. ಸ್ತಂಭಾಲೇಖದಲ್ಲಿ ಇದೆಲ್ಲ ಮುಚ್ಚಿಹೋಗುತ್ತದೆ, ಏಕೆಂದರೆ ಅಲ್ಲಿ ಮೂಲ ಅಂಕಿಯೇ ಉಳಿದಿರುವುದಿಲ್ಲ.

6. ಸಾಲು ತುಂಬಿ ತುಳುಕಿದರೆ ಕಾಂಡವನ್ನು ಸೀಳಿ.
ಒಂದೇ ಕಾಂಡವನ್ನು ಎರಡು ಸಲ ಬರೆದು, ಮೊದಲನೆಯದಕ್ಕೆ 0–4, ಎರಡನೆಯದಕ್ಕೆ 5–9. ಒಂದನ್ನು ಸೀಳಿದರೆ ಎಲ್ಲವನ್ನೂ ಸೀಳಬೇಕು.

7. ಬಸ್ ನಿಲ್ದಾಣದಿಂದ ಶುರು ಮಾಡಿ.
ಜಪಾನಿನ ರೈಲು ನಿಲ್ದಾಣಗಳ ವೇಳಾಪಟ್ಟಿ ಇದೇ ರೂಪದಲ್ಲಿರುತ್ತದೆ: ಎಡಕ್ಕೆ ಗಂಟೆ, ಮುಂದೆ ಆ ಗಂಟೆಯ ನಿಮಿಷಗಳು. ದಟ್ಟಣೆಯ ಹೊತ್ತಿನ ಸಾಲು ತಾನಾಗಿಯೇ ಉದ್ದವಾಗುತ್ತದೆ. ನಿಮ್ಮೂರಿನ ಬಸ್ಸಿನ ಸಮಯಗಳನ್ನು ಮಕ್ಕಳಿಂದ ಹೀಗೆ ಬರೆಸಿ. ಮಧ್ಯಾಹ್ನದ ಯಾವ ಗಂಟೆಯಲ್ಲಿ ಬಸ್ಸೇ ಇಲ್ಲ ಎಂಬುದನ್ನು ಅವರೇ ತೋರಿಸುತ್ತಾರೆ. ವ್ಯಾಖ್ಯೆಯಿಂದ ಶುರುಮಾಡಿದ ಪಾಠಕ್ಕಿಂತ ಇದು ಬೇಗ ಹತ್ತುತ್ತದೆ.

8. ಎಲ್ಲಿ ನಿಲ್ಲಿಸಬೇಕೆಂದು ತಿಳಿದಿರಲಿ.
ಇಡೀ ತಾಲ್ಲೂಕಿನ ಫಲಿತಾಂಶಕ್ಕೆ ಇದು ಆಗದು, ಸಾವಿರಾರು ಎಲೆ ಬರೆಯುವವರು ಯಾರು? ಅರ್ಧ ಎಕರೆಯಿಂದ ಐವತ್ತು ಎಕರೆಯವರೆಗೆ ಹರಡಿದ ಹಿಡುವಳಿಯ ಪಟ್ಟಿಗೂ ಒಗ್ಗದು, ಎಲೆಗಳೆಲ್ಲ ಮೊದಲ ಕಾಂಡದಲ್ಲೇ ಗುಡ್ಡೆ ಬೀಳುತ್ತವೆ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ 1977ರ ತನ್ನ ಪುಸ್ತಕದಲ್ಲಿ ಈ ನಕ್ಷೆಯನ್ನು ಜನಪ್ರಿಯಗೊಳಿಸಿದ್ದು ಕಾಗದ-ಪೆನ್ಸಿಲ್ಲಿನ ಕೆಲಸವೆಂದೇ. ಎಕ್ಸೆಲ್‌ನ ಚಾರ್ಟುಗಳ ಪಟ್ಟಿಯಲ್ಲಿ ಇಂದಿಗೂ ಇದು ಸಿದ್ಧವಾಗಿ ಸಿಗುವುದಿಲ್ಲ, ಕೈಯಲ್ಲೇ ಬರೆಯಬೇಕು. 40 ಮಕ್ಕಳ ಒಂದು ವಿಭಾಗಕ್ಕೆ ಹತ್ತು ನಿಮಿಷ ಸಾಕು.