ವಿದ್ಯುತ್ ಪದವಿಯ ಪಾಠಕ್ರಮ

ಕಲಾ ವಿಭಾಗದವನಿಗೆ ಈ ಉಸಾಬರಿ ಏಕೆಂದು ವಾಚಕರು ನಗಬಹುದು. ವಿದ್ಯುತ್ ಎಂಜಿನಿಯರಿಂಗ್ ಓದುತ್ತಿರುವ ನನ್ನ ತಮ್ಮನ ಪಾಡು ಕಂಡು ಬರೆಯುತ್ತಿದ್ದೇನೆ.

ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ 2018ರ ಮಾದರಿ ಪಾಠಕ್ರಮದಲ್ಲಿ ನಾಲ್ಕು ವರ್ಷಕ್ಕೆ 160 ಕ್ರೆಡಿಟ್. ವಾರಕ್ಕೊಂದು ಗಂಟೆಯ ಉಪನ್ಯಾಸಕ್ಕೆ ಒಂದು ಕ್ರೆಡಿಟ್. ಪ್ರಯೋಗಕ್ಕಾದರೋ ಎರಡು ಗಂಟೆ ದುಡಿಯಬೇಕು. ಅಷ್ಟು ಹೊತ್ತು ಫಲಿಸಬೇಕಾದರೆ ಪಾಠಗಳ ಕ್ರಮವೇ ಮುಖ್ಯವೆಂದು ನನ್ನ ಮತ.

ಪರ್ಯಾಯ ವಿದ್ಯುತ್ತು ತಂತಿಯ ಸುರುಳಿಯಲ್ಲಿ ಹರಿಯುವಾಗ ಪ್ರವಾಹವು ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ. ಆ ಅಂತರವನ್ನು ಲೆಕ್ಕಕ್ಕೆ ಒಗ್ಗಿಸುವುದು ಸಂಮಿಶ್ರ ಸಂಖ್ಯೆ. ಆದ್ದರಿಂದ ಆ ಗಣಿತ ಮೊದಲು, ವಿದ್ಯುನ್ಮಂಡಲ ಆಮೇಲೆ. ಮೋಟಾರು, ಟ್ರಾನ್ಸ್‌ಫಾರ್ಮರುಗಳ ಪಾಠವೂ ಪ್ರಯೋಗವೂ ಒಂದೇ ಅವಧಿಯಲ್ಲಿರಲಿ.

ತಮ್ಮನಿಗೆ ಪ್ರಯೋಗ ಮೊದಲು ಬಂತು, ಪಾಠ ಆರು ತಿಂಗಳ ಮೇಲೆ. ಮೀಟರಿನ ಅಂಕಿಗಳನ್ನು ಪುಟ ತುಂಬ ಬರೆದು ತಂದಿದ್ದ. ಇವುಗಳಿಂದ ಏನು ತಿಳಿಯಿತೆಂದು ಕೇಳಿದೆ. “ಗೊತ್ತಿಲ್ಲ ಅಣ್ಣಾ, ಸಹಿ ಮಾತ್ರ ಆಗಿದೆ” ಎಂದ.